ಪಣ ಕಟ್ಟಿದ ಕಣ್ಣು

ಕಾರಹುಣ್ಣಿಮೆ ಹತ್ತಿರ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಒಂದು ವಾದ ಹುಟ್ಟುತ್ತದೆ. ಈ ಸಲ ಕರಿ ಹರಿಯುವುದು ಬಿಳಿ ಎತ್ತೋ, ಕೆಂದ ಎತ್ತೋ? ರೋಣ, ನರಗುಂದ, ಗಜೇಂದ್ರಗಡದ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೇರೆ ಸೀಮೆಯ ಅಕ್ಕತಂಗಿಯರಿಗಾಗಿ ಎರಡು ಮಾತು. ಜ್ಯೇಷ್ಠ ಮಾಸದ ಹುಣ್ಣಿಮೆಯ ದಿನ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಗೊಂಡೆ, ಗೆಜ್ಜೆಸರ ಕಟ್ಟಿ, ಸಂಜೆಗೆ ಊರ ಅಗಸಿಯ ಕಡೆ ಓಡಿಸುತ್ತಾರೆ. ಅಗಸಿಗೆ ಅಡ್ಡಲಾಗಿ ಬೇವಿನ ಸೊಪ್ಪು ಸಿಕ್ಕಿಸಿದ ಹಗ್ಗ ಕಟ್ಟಿರುತ್ತದೆ. ಅದೇ ಕರಿ. ಅದನ್ನು ಮೊದಲು ಹರಿದು ಬಂದ ಎತ್ತಿನ ಬಣ್ಣ ನೋಡಿ ಆ ವರ್ಷದ ಬೆಳೆ ಹೇಳುತ್ತಾರೆ. ಅರ್ಥ ಊರಿಂದ ಊರಿಗೆ ತುಸು ಬೇರೆಯಾಗುತ್ತದೆ. ನಮ್ಮಲ್ಲಿ ಬಿಳಿಯದು ಹರಿದರೆ ಹಿಂಗಾರಿ ಚಲೋ, ಕೆಂದದು ಹರಿದರೆ ಮುಂಗಾರಿ ಚಲೋ ಎಂದು ಲೆಕ್ಕ.

ವಾದ ಗಂಡಸರದು ಎಂದು ತಿಳಿಯಬೇಡಿ. ಅವರು ಕಟ್ಟೆಯ ಮೇಲೆ ಕೂತು ಎದೆ, ಗೊರಸು, ಬೆನ್ನು ಅಳೆದರೆ, ನಾವು ಒಲೆಯ ಮುಂದೆ ಹೂರಣ ರುಬ್ಬುತ್ತ ಅದನ್ನೇ ಅಳೆಯುತ್ತಿದ್ದೆವು. ನಮಗೂ ಎತ್ತಿನ ಗುರುತು ಕಡಿಮೆ ಇರಲಿಲ್ಲ. ಮುಸುರೆ ಇಡುವವರು ನಾವು, ಹಿಂಡಿ ನೆನೆಹಾಕುವವರು ನಾವು. ಯಾವುದು ಎಷ್ಟು ತಿಂದಿತು, ಯಾವುದು ಮೂತಿ ತಿರುವಿತು ಎಂಬುದು ಮನೆಯ ಯಜಮಾನನಿಗಿಂತ ಮೊದಲು ನಮಗೆ ತಿಳಿಯುತ್ತಿತ್ತು.

ನಾನು ಹೇಳಹೊರಟಿದ್ದು 1973ರ ಕಾರಹುಣ್ಣಿಮೆಯ ಮಾತು. ಆಗ ನನಗೆ ಹನ್ನೆರಡು ವರ್ಷ. ನಮ್ಮದು ರೋಣದ ಹತ್ತಿರದ ಒಂದು ಸಣ್ಣ ಹಳ್ಳಿ. 1972ರ ಬರದ ಏಟಿನಿಂದ ಯಾರೂ ಇನ್ನೂ ಮೇಲೆದ್ದಿರಲಿಲ್ಲ. ಹಗೇವು ಬರಿದಾಗಿದ್ದವು. ಹೀಗಾಗಿ ಆ ವರ್ಷ ಕರಿ ಯಾರು ಹರಿಯುತ್ತಾರೆ ಎಂಬುದು ಬರೀ ಹಬ್ಬದ ಮಾತಾಗಿರಲಿಲ್ಲ. ಮನೆಯಲ್ಲಿ ಎರಡು ಎತ್ತು ಉಳಿದಿದ್ದವು. ಒಂದು ಖಿಲಾರಿ ತಳಿಯ ಬಿಳಿಯ, ಇನ್ನೊಂದು ಕೆಂದ. ಹಬ್ಬಕ್ಕೆಂದು ಗಜೇಂದ್ರಗಡದಿಂದ ದೊಡ್ಡವ್ವನ ಮಗಳು ಬಂದಿದ್ದಳು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ಅವರದು ಮಸಾರಿ ಹೊಲ, ಮುಂಗಾರಿಯ ಮೇಲೆ ಕಣ್ಣು. ನಮ್ಮದು ಎರಿ ಹೊಲ. ಬಿಳಿಜೋಳ, ಕಡಲೆ, ಕುಸುಬಿಯ ಹಿಂಗಾರಿಯೇ ನಮಗೆ ಅನ್ನ. ಅವಳು ಕೆಂದ ಅಂದಳು, ನಾನು ಬಿಳಿಯ ಅಂದೆ. ನಮ್ಮಿಬ್ಬರ ವಾದ ಎತ್ತಿನದಲ್ಲ, ಎರಡು ಮಣ್ಣಿನದು ಎಂದು ಈಗ ಅನಿಸುತ್ತದೆ. ಪಣ ಕಟ್ಟಿದೆವು. ಅವಳು ಗೆದ್ದರೆ ನನ್ನ ರಿಬ್ಬನ್ನು, ನಾನು ಗೆದ್ದರೆ ಅವಳ ಕೈಯ ಹಸಿರು ಬಳೆ.

ಹುಣ್ಣಿಮೆಯ ಹಿಂದಿನ ಸಂಜೆ ಹೊನ್ನುಗ್ಗಿ. ಎತ್ತಿಗೆ ಹುಗ್ಗಿ ತಿನ್ನಿಸಲು ಆಯಿ ನನ್ನನ್ನು ಗ್ವಾದಲಿಗೆ ಕಳಿಸಿದಳು. ಕೆಂದ ಹುಗ್ಗಿ ಮೂಸಿತು, ತಿನ್ನಲಿಲ್ಲ. ಹಿಂದಿನ ಎಡಗಾಲನ್ನು ನೆಲಕ್ಕೆ ಪೂರಾ ಊರದೆ ತುದಿಯ ಮೇಲಷ್ಟೇ ಇಟ್ಟು ನಿಂತಿತ್ತು. ಬಗ್ಗಿ ನೋಡಿದೆ. ಗೊರಸಿನ ಸಂದಿಯಲ್ಲಿ ಬಾವು. ಮುಟ್ಟಿದೊಡನೆ ಕಾಲು ಕಿತ್ತುಕೊಂಡಿತು.

ನಾನು ಒಳಗೆ ಬಂದು ಯಾರಿಗೂ ಹೇಳಲಿಲ್ಲ.

"ಕೆಂದ ತಿಂತೇನ?" ಎಂದು ಆಯಿ ಕೇಳಿದಳು. "ತಿಂತು" ಎಂದೆ.

ಮರುದಿನ ಅಗಸಿಯಲ್ಲಿ ಹಲಗೆ ಬಡಿದರು. ಕೇಕೆ, ಧೂಳು. ಕೆಂದ ಓಡಲಿಲ್ಲವೆಂದಲ್ಲ. ಆ ಗದ್ದಲಕ್ಕೆ ಹೆದರಿ ಜೀವ ಹಿಡಿದುಕೊಂಡು ಓಡಿತು. ಇನ್ನೇನು ಹಗ್ಗ ಹತ್ತು ಮಾರು ಇದೆ ಎನ್ನುವಾಗ ಹಿಂಗಾಲು ಮಡಚಿ ಬಿತ್ತು. ಬಿಳಿಯ ಕರಿ ಹರಿಯಿತು. ನಮ್ಮ ಮಂದಿ ಗುಲಾಲು ಹಾರಿಸಿದರು. ದೊಡ್ಡವ್ವನ ಮಗಳು ಕೊಟ್ಟ ಮಾತಿಗೆ ತಪ್ಪದೆ ಅಲ್ಲೇ ಬಳೆ ತೆಗೆದುಕೊಟ್ಟಳು. ಕೆಂದ ಆ ಮುಂಗಾರಿಗೆ ನೊಗಕ್ಕೆ ಹೆಗಲು ಕೊಡಲಿಲ್ಲ. ಅಪ್ಪ ಒಂಟಿ ಎತ್ತು ಇಟ್ಟುಕೊಂಡು, ಇನ್ನೊಬ್ಬರ ಎತ್ತಿಗೆ ಮುಯ್ಯಾಳು ದುಡಿದು ಹರಗಿದ. ಅದಕ್ಕೆ ಯಾರೂ ನನ್ನನ್ನು ಬಯ್ಯಲಿಲ್ಲ. ಯಾರಿಗೂ ಗೊತ್ತೇ ಇರಲಿಲ್ಲ.

ಇಷ್ಟು ವರ್ಷ ನಾನು ಕೇಳಿಕೊಂಡ ಪ್ರಶ್ನೆ ಇದು. ಅಂದು ನನ್ನ ತಪ್ಪು ಯಾವುದು? ಯಾರು ಗೆಲ್ಲಬಹುದೆಂದು ಊಹಿಸಿದ್ದೇ? ಅಲ್ಲ. ಊಹೆ ಒಕ್ಕಲುತನದ ಉಸಿರು. ಮೋಡ ನೋಡಿ ಊಹಿಸದವನು ಬಿತ್ತಲಾರ, ಎತ್ತಿನ ನಡಿಗೆ ನೋಡಿ ಊಹಿಸದವನು ಕೊಳ್ಳಲಾರ. ಹಾಗೆ ನೋಡಿದರೆ ಊಹೆ ಒಂದು ಬಗೆಯ ಅಕ್ಕರೆಯೇ. ಗಮನವಿಟ್ಟು ನೋಡಿದವರಿಗಷ್ಟೇ ಅದು ದಕ್ಕುತ್ತದೆ. 1996ರಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ ಕುದುರೆ ಪಂದ್ಯವನ್ನು ಅದೃಷ್ಟದ ಆಟವಲ್ಲ, ಕೌಶಲದ ಆಟ ಎಂದು ಕರೆದದ್ದು ಬಹುಶಃ ಈ ನೋಟಕ್ಕೆ ಸಂದ ಗೌರವವೂ ಹೌದು.

ಆದರೆ ಆ ಕೌಶಲಕ್ಕೂ ಒಂದು ಮೇರೆಯಿದೆ. ಇಂಗ್ಲೆಂಡಿನ ಏಂಟ್ರಿಯಲ್ಲಿ ಬೇಲಿಗಳನ್ನು ಜಿಗಿದು ಓಡುವ ಗ್ರ್ಯಾಂಡ್ ನ್ಯಾಷನಲ್ ಎಂಬ ಕುದುರೆ ಪಂದ್ಯವಿದೆ. 1967ರಲ್ಲಿ ಅಲ್ಲಿ 44 ಕುದುರೆ ಓಡಿದವು. ಫಾಯಿನಾವನ್ ಎಂಬುದು ಗೆಲ್ಲುತ್ತದೆಂದು ಯಾರೂ ನಂಬಿರಲಿಲ್ಲ. ಅದರ ಮೇಲೆ ಒಂದಕ್ಕೆ ನೂರರ ಪಣ. ಅದನ್ನು ಪಳಗಿಸಿದವನೇ ಅಂದು ಅಲ್ಲಿಗೆ ಹೋಗಿರಲಿಲ್ಲ. 23ನೆಯ ಬೇಲಿ, ಅದೂ ಸಣ್ಣ ಬೇಲಿ, ಅಲ್ಲಿ ಸವಾರನಿಲ್ಲದ ಕುದುರೆಯೊಂದು ಅಡ್ಡ ತಿರುಗಿ ಮುಂದಿನವೆಲ್ಲ ಒಂದರ ಮೇಲೊಂದು ಮುಗ್ಗರಿಸಿದವು. ಬಹಳ ಹಿಂದೆ ಉಳಿದಿದ್ದ ಫಾಯಿನಾವನ್ ಸಂದಿ ಹುಡುಕಿ ದಾಟಿ ಗೆದ್ದಿತು. ದೊಡ್ಡ ದೊಡ್ಡ ಪಂಡಿತರ ವಾದಗಳೆಲ್ಲ ಆ ಸಣ್ಣ ಬೇಲಿಯ ಬುಡದಲ್ಲಿ ಬಿದ್ದವು. ಊಹೆ ತಪ್ಪಾದರೆ ನಕ್ಕು ಮರೆಯಬಹುದು. ಅದರಲ್ಲಿ ಪಾಪವಿಲ್ಲ.

ಪಾಪ ಇನ್ನೆಲ್ಲೋ ಇದೆ. ಮಹಾಭಾರತದ ಆದಿಪರ್ವದಲ್ಲಿ ಇಬ್ಬರು ಹೆಣ್ಣುಮಕ್ಕಳು ಒಂದು ಕುದುರೆಯ ಮೇಲೆ ಪಣ ಕಟ್ಟುತ್ತಾರೆ. ಕದ್ರು, ವಿನತೆ; ಒಡಹುಟ್ಟಿದವರು, ಸವತಿಯರು ಕೂಡ. ಉಚ್ಚೈಃಶ್ರವಸ್ಸು ಪೂರಾ ಬಿಳಿ ಎಂದು ವಿನತೆ, ಬಾಲ ಕಪ್ಪು ಎಂದು ಕದ್ರು. ಸೋತವಳು ಗೆದ್ದವಳ ದಾಸಿಯಾಗಬೇಕು. ನಾಳೆ ನೋಡೋಣ ಎಂದು ಇಬ್ಬರೂ ಮನೆಗೆ ಹೋದರು. ಕದ್ರು ತನ್ನ ಸರ್ಪಮಕ್ಕಳನ್ನು ಕರೆದು, ಕರಿಕೂದಲಾಗಿ ಆ ಬಾಲಕ್ಕೆ ಜೋತುಬೀಳಿರೆಂದಳು. ಒಲ್ಲೆ ಎಂದವರಿಗೆ ಜನಮೇಜಯನ ಯಾಗದಲ್ಲಿ ಸುಟ್ಟುಹೋಗಿರೆಂದು ಶಾಪವಿತ್ತಳು. ಒಂದು ಮಾತು ಗೆಲ್ಲುವುದಕ್ಕಾಗಿ ಹೆತ್ತ ಮಕ್ಕಳಿಗೆ ಬೆಂಕಿ! ಸರಿಯಾಗಿ ನೋಡಿದ ವಿನತೆ ಸೋತು ದಾಸಿಯಾದಳು.

ಈ ಕಥೆಯನ್ನು ಕೇಳಿದಾಗಲೆಲ್ಲ ಕದ್ರುವನ್ನು ಬೈದವಳು ನಾನು. ಆದರೆ ನಾನು ಮಾಡಿದ್ದೇನು? ಅವಳು ಇಲ್ಲದ ಕಪ್ಪನ್ನು ಇದೆ ಎಂದು ತೋರಿಸಿದಳು. ನಾನು ಇದ್ದ ಬಾವನ್ನು ಇಲ್ಲ ಎಂದು ಮುಚ್ಚಿಟ್ಟೆ. ಪಣ ಕಟ್ಟುವ ಮೊದಲು ನನಗೆ ಕಾಣುತ್ತಿದ್ದುದು ಕೆಂದನ ಕಾಲು. ಪಣ ಕಟ್ಟಿದ ಮೇಲೆ ಕಂಡದ್ದು ನನ್ನ ಗೆಲುವು. ಕಣ್ಣು ಅದೇ, ನೋಟ ಬೇರೆ.

ಇದನ್ನು ನನ್ನ ತಮ್ಮನೊಡನೆ ವಾದಿಸಿದ್ದೇನೆ. ಅವನು ಕೇಳುತ್ತಾನೆ: "ಅಕ್ಕಾ, ಹೊಲದಾಗ ದುಡಿಯಾಕ ಎತ್ತು ತಾನ ಒಪ್ಪಿ ಬರ್ತೈತೇನ? ಅಲ್ಲಿ ಇಲ್ಲದ ಪಾಪ ಅಗಸ್ಯಾಗ ಹೆಂಗ ಬಂತು?" ಮಾತು ಸುಲಭವಾಗಿ ತಳ್ಳಿಹಾಕುವಂಥದಲ್ಲ. 2014ರಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿನ ಗಾಡಿಯ ಓಟ ನಿಲ್ಲಿಸಿದಾಗ ಅವನು ಕುದ್ದುಹೋಗಿದ್ದ. 2017ರಲ್ಲಿ ನಮ್ಮ ರಾಜ್ಯ ಕಾನೂನು ತಿದ್ದಿತು. 2023ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಟ್ರ್ಯಾಕ್ಟರು ಬಂದ ಮೇಲೆ ಈ ಓಟ, ಈ ತೆರಬಂಡಿಯೂ ಇಲ್ಲದಿದ್ದರೆ ಎತ್ತು ಸಾಕುವವರು ಯಾರು ಎಂಬುದು ಅವನ ಅಳಲು. ಅದೂ ನಿಜ.

ನನ್ನ ಉತ್ತರ ಇಷ್ಟೇ. ದುಡಿಮೆಯಲ್ಲಿ ಎತ್ತು ಕುಂಟಿದರೆ ಒಕ್ಕಲಿಗ ಮೊದಲು ನೋಡುವುದು ಅದರ ಕಾಲನ್ನು, ಯಾಕೆಂದರೆ ಇಬ್ಬರ ಗಂಜಿಯೂ ಆ ಕಾಲ ಮೇಲಿದೆ. ಪಣದಲ್ಲಿ ಮಾತ್ರ ಒಂದು ಎತ್ತಿನ ಕುಂಟು ಇನ್ನೊಬ್ಬರಿಗೆ ಲಾಭವಾಗುತ್ತದೆ. ಇನ್ನೊಂದು ಜೀವದ ನೋವು ನನಗೆ ಒಳ್ಳೆಯ ಸುದ್ದಿಯಾಗುವ ಜಾಗದಲ್ಲಿ ನಾನು ನಿಲ್ಲಬಾರದು. ಓಟ ಇರಲಿ ಬೇಡವಾಗಲಿ, ಇದನ್ನಂತೂ ಕಾನೂನು ನೋಡಲಾರದು, ಗ್ವಾದಲಿಗೆ ಹೋದವಳೇ ನೋಡಬೇಕು.

ನಾನು ಮದುವೆಯಾಗಿ ನರಗುಂದಕ್ಕೆ ಬಂದೆ. ನನ್ನ ಮಗಳು, ನೆಗೆಣ್ಣಿಯ ಮಗಳು ಒಂದೇ ವರ್ಷ ಎಸ್‌.ಎಸ್‌.ಎಲ್‌.ಸಿ.ಗೆ ಕೂತರು. ಮನೆಗೆ ಬಂದವರದೆಲ್ಲ ಒಂದೇ ಮಾತು: "ಇಬ್ಬರಾಗ ಯಾರು ಮುಂದ ಬರ್ತಾರವ್ವಾ?" ನಾವೂ ನಗುನಗುತ್ತ ವಾದಿಸಿದೆವು. ಗಣಿತಕ್ಕೆ ಇವಳು, ಕನ್ನಡಕ್ಕೆ ಅವಳು. ಪರೀಕ್ಷೆಗೆ ವಾರವಿರುವಾಗ ಒಂದು ರಾತ್ರಿ ನೀರು ಕುಡಿಯಲು ಎದ್ದೆ. ನೆಗೆಣ್ಣಿಯ ಮಗಳು ಅಡುಗೆಮನೆಯ ಕತ್ತಲಲ್ಲಿ ಪುಸ್ತಕ ಮುಚ್ಚಿ ಕೂತಿದ್ದಳು. ರಾತ್ರಿಯ ರೊಟ್ಟಿ ಮುಚ್ಚಿಟ್ಟ ಹಾಗೇ ಇತ್ತು. "ದೊಡ್ಡವ್ವಾ, ನಿದ್ದಿ ಬರವಲ್ದು, ಓದಿದ್ದೂ ನೆನಪಾಗವಲ್ದು. ಅವ್ವಗ ಹೇಳಬ್ಯಾಡ್ರಿ" ಎಂದಳು.

ಸುಳ್ಳೇಕೆ ಹೇಳಲಿ? ಒಂದು ಗಳಿಗೆ, ಒಂದೇ ಗಳಿಗೆ, ಹಾಗಾದರೆ ನನ್ನ ಮಗಳೇ ಮುಂದೆ ಎಂಬ ಮಾತು ಮನಸ್ಸಿನಲ್ಲಿ ಹಾದುಹೋಯಿತು. ಅದರ ಹಿಂದೆಯೇ ಕೆಂದನ ಹಿಂಗಾಲು ಕಣ್ಣಿಗೆ ಕಟ್ಟಿತು. ನೆಗೆಣ್ಣಿಯನ್ನು ಎಬ್ಬಿಸಿದೆ. ಹುಡುಗಿಗೆ ಸಿಟ್ಟು ಬಂದಿರಬೇಕು, ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಆ ರಾತ್ರಿ ಮೂವರೂ ಕೂತು ಚಹಾ ಕುಡಿದೆವು. ಆಮೇಲೆ ಮನೆಯಲ್ಲಿ ಆ ವಾದ ನಿಂತಿತು. ಯಾರು ಮುಂದೆ ಬಂದರೆಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ನೀವೂ ಅದನ್ನೇ ಮೊದಲು ನೋಡುತ್ತೀರಿ.

ಕಾರಹುಣ್ಣಿಮೆಯಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಆ ವರ್ಷ ಎರಿ ಮಣ್ಣು ಕಲಸಿ ಎತ್ತು ಮಾಡುವಾಗ ಒಂದರ ಹಿಂಗಾಲು ಮುರಿಯಿತು. ಪಕ್ಕದಲ್ಲಿದ್ದ ಆಯಿ ಏನೂ ಅನ್ನದೆ ಒಂದು ಉಂಡೆ ಮಣ್ಣು ನನ್ನ ಕೈಗಿಟ್ಟು, "ಸರಿ ಮಾಡು" ಎಂದಳು. ಆಗ ಅವಳ ಕಣ್ಣು ನನ್ನ ಕೈಯ ಹಸಿರು ಬಳೆಯ ಮೇಲೆ ಇತ್ತೋ, ನನಗೇ ಹಾಗೆ ಕಂಡಿತೋ, ಇಂದಿಗೂ ಹೇಳಲಾರೆ.