ಒಂದು ಅಂಕದ ಮಾತು

ಉತ್ತರಪತ್ರಿಕೆ ತಿದ್ದಿದವರಿಗೆ ಈ ಸಂಕಟ ಗೊತ್ತು: ಹುಡುಗನಿಗೆ ಬಂದದ್ದು 34, ಬೇಕಾದದ್ದು 35. ಕೆಂಪು ಪೆನ್ಸಿಲು ಅರೆಗಳಿಗೆ ತಡೆಯುತ್ತದೆ. ಮೇಷ್ಟರಿಗಾದರೂ ಗೆರೆ ಎಲ್ಲಿದೆಯೆಂಬುದು ತಿಳಿದಿರುತ್ತದೆ. ಕಂಪ್ಯೂಟರ್ ಆಟಗಳ ವಿಮರ್ಶಕನಿಗೆ ಅದೂ ಇಲ್ಲ.

ಅಮೆರಿಕದ ಅಬ್ಸಿಡಿಯನ್ ಸಂಸ್ಥೆ ತಯಾರಿಸಿದ 'ಫಾಲ್‌ಔಟ್: ನ್ಯೂ ವೇಗಸ್' ಎಂಬ ಆಟ 2010ರಲ್ಲಿ ಹೊರಬಂತು. ಹಲವರ ವಿಮರ್ಶೆಗಳನ್ನು ನೂರರ ಲೆಕ್ಕಕ್ಕೆ ತಂದು ಸರಾಸರಿ ತೆಗೆಯುವ ಮೆಟಾಕ್ರಿಟಿಕ್‌ನಲ್ಲಿ 85 ಬಂದರೆ ತಯಾರಕರಿಗೆ ಬೋನಸ್ಸು ಎಂದು ಕರಾರು. ಬಂದದ್ದು 84. ಇದನ್ನು 2012ರಲ್ಲಿ ಬಯಲಿಗೆ ತಂದವರು ಆ ಸಂಸ್ಥೆಯ ಸಹಸ್ಥಾಪಕ ಕ್ರಿಸ್ ಅವೆಲೋನ್.

ತಪ್ಪು ಯಾರದು? ಆಟ ಹೊರಬಂದಾಗ ಅದರಲ್ಲಿ ದೋಷಗಳಿದ್ದುದು ನಿಜ. ಹಣ ತೆತ್ತು ಕೊಳ್ಳುವವನಿಗೆ ಅದನ್ನು ಹೇಳದಿದ್ದರೆ ವಿಮರ್ಶಕನಾದರೂ ಏತಕ್ಕೆ? ತಯಾರಕರ ಮನೆಯ ಒಲೆಯನ್ನು ನೆನೆದು ಒಂದಂಕ ಕೂಡಿಸಿದರೆ ಅದು ದಾನವಾದೀತು, ಅದೂ ಪರರ ಗಂಟಿನಿಂದ, ವಿಮರ್ಶೆಯಾಗದು. ಇಷ್ಟನ್ನು ಒಪ್ಪುತ್ತೇನೆ. ಒಪ್ಪಿಯೂ ಮನಸ್ಸಿಗೆ ಸಮಾಧಾನವಿಲ್ಲ. ಓದುಗನಿಗೆಂದು ಬರೆದ ಅಂಕವನ್ನು ಎತ್ತಿ ಸಂಬಳದ ತಕ್ಕಡಿಗೆ ಹಾಕಿದವರು ಬೇರೆ. ಸರಾಸರಿಯಂತೂ ಯಾರೊಬ್ಬರ ತೀರ್ಪೂ ಅಲ್ಲ. 84ಕ್ಕೂ 85ಕ್ಕೂ ಇರುವ ಅಂತರವನ್ನು ಆಟದೊಳಗೆ ಬೆರಳಿಟ್ಟು ತೋರಿಸಬಲ್ಲವರು ಯಾರಾದರೂ ಉಂಟೆ?

ಬ್ರಿಟನ್ನಿನ ಯೂರೋಗೇಮರ್ 2015ರಲ್ಲಿ ಅಂಕ ಕೊಡುವುದನ್ನೇ ಬಿಟ್ಟಿತು. ಮಾತನ್ನು ಕೂಡಿ ಭಾಗಿಸಲು ಬರುವುದಿಲ್ಲವಷ್ಟೆ! ಆದರೆ ಓದುಗರ ಅವಸರವೋ ಏನೋ, 2023ರಲ್ಲಿ ಅಂಕ ಮರಳಿ ಬಂತು, ಐದು ನಕ್ಷತ್ರಗಳ ವೇಷದಲ್ಲಿ.