ಮಾನದಂಡದ ಮೇರೆ: ಆನ್‌ಲೈನ್ ಪಾಠದ ಒಳಿತನ್ನು ಅಳೆಯುವ ಪ್ರಶ್ನೆ

ಒಂದು ಪಾಠ ಒಳ್ಳೆಯದೋ ಅಲ್ಲವೋ ಎಂಬುದನ್ನು ಮುಂಚಿತವಾಗಿ ಬರೆದಿಟ್ಟ ನಿಯಮಗಳಿಂದ ತೀರ್ಮಾನಿಸಬಹುದೆ ಎಂಬ ಪ್ರಶ್ನೆ ಹಳೆಯದೇ ಆದರೂ, ಆನ್‌ಲೈನ್ ಕೋರ್ಸುಗಳು ಬಂದ ಮೇಲೆ ಅದು ತತ್ತ್ವಶಾಸ್ತ್ರದ ಚರ್ಚೆಯಾಗಿಯಷ್ಟೇ ಉಳಿಯದೆ, ವಿಶ್ವವಿದ್ಯಾಲಯಗಳು ಕೈಯಾರೆ ಬಿಡಿಸಬೇಕಾದ ಸಮಸ್ಯೆಯಾಗಿದೆ. ತರಗತಿಯಲ್ಲಿ ನಿಂತು ಕಲಿಸುವ ಅಧ್ಯಾಪಕರು ಎದುರಿಗಿರುವವರ ಮುಖ ನೋಡಿ, ಮಾತು ತಲುಪಿಲ್ಲವೆಂದು ತೋರಿದರೆ ಅಲ್ಲಿಯೇ ಇನ್ನೊಂದು ಉದಾಹರಣೆ ಹುಡುಕುತ್ತಾರೆ. ಆದರೆ ವಿಡಿಯೊ, ಓದಿನ ಸಾಮಗ್ರಿ, ಪ್ರಶ್ನೆಗಳು ಎಲ್ಲವೂ ಮೊದಲೇ ಸಿದ್ಧವಾಗಿರುವ ಕೋರ್ಸಿನಲ್ಲಿ ಕಲಿಯುವವರು ತಡವರಿಸುವ ಹೊತ್ತಿಗೆ ಕಲಿಸಿದವರು ಅಲ್ಲಿರುವುದೇ ಇಲ್ಲ. ಪ್ಲೇಟೊ ಬರೆದ ಫೀಡ್ರಸ್ ಎಂಬ ಸಂವಾದದಲ್ಲಿ ಸಾಕ್ರಟೀಸ್ ಬರಹದ ಮೇಲೆ ಹೊರಿಸುವ ದೋಷವೂ ಇದೇ: ಬರಹವು ಪ್ರಶ್ನೆಗೆ ಮರುನುಡಿಯಲಾರದು, ಯಾರಿಗೆ ಹೇಳುತ್ತಿದ್ದೇನೆಂಬ ಅರಿವು ಅದಕ್ಕಿಲ್ಲ. ಕೋರ್ಸಿನ ಗುಣಮಟ್ಟವನ್ನು ಕುರಿತ ಮಾನದಂಡಗಳು ಈ ಗೈರುಹಾಜರಿಯನ್ನು ತುಂಬಿಕೊಳ್ಳುವ ಪ್ರಯತ್ನಗಳಾಗಿರುವುದರಿಂದ ಅವನ್ನು ಕಚೇರಿಯ ಕಾಗದಪತ್ರವೆಂದು ತಳ್ಳಿಹಾಕುವುದು ಅವಸರದ ಮಾತಾಗುತ್ತದೆ. ಕಣ್ಣಿಗೆ ಕಾಣದ ವಿದ್ಯಾರ್ಥಿಗೆ ಕಲಿಸುವವರು ಏನನ್ನು ಸಲ್ಲಿಸಬೇಕು ಎಂಬ ಧರ್ಮದ ಪ್ರಶ್ನೆ ಅವುಗಳ ಒಳಗೆ ಅಡಗಿದೆ.

ಇಂಥ ಮಾನದಂಡಗಳಲ್ಲಿ ಬಹಳ ಬಳಕೆಯಲ್ಲಿರುವುದು ಅಮೆರಿಕದ ಕ್ವಾಲಿಟಿ ಮ್ಯಾಟರ್ಸ್ ಎಂಬ ಸಂಸ್ಥೆಯದು. ಮೇರಿಲ್ಯಾಂಡ್ ರಾಜ್ಯದ ಕಾಲೇಜುಗಳು ತಮ್ಮ ಆನ್‌ಲೈನ್ ಕೋರ್ಸುಗಳನ್ನು ಪರಸ್ಪರ ಹಂಚಿಕೊಳ್ಳಲು ಮುಂದಾದಾಗ, ಬೇರೊಂದು ಕಾಲೇಜು ರೂಪಿಸಿದ ಕೋರ್ಸನ್ನು ಯಾವ ಆಧಾರದ ಮೇಲೆ ನಂಬುವುದೆಂಬ ಪ್ರಶ್ನೆ ಎದ್ದಿತು; ಆ ಕಾಲೇಜುಗಳ ಒಕ್ಕೂಟವು 2003ರಲ್ಲಿ ಅಲ್ಲಿನ ಒಕ್ಕೂಟ ಸರ್ಕಾರದ ಶಿಕ್ಷಣ ಇಲಾಖೆಯ ಅನುದಾನ ಪಡೆದು ಕೈಗೊಂಡ ಯೋಜನೆಯೇ ಮುಂದೆ ಸ್ವತಂತ್ರ ಸಂಸ್ಥೆಯಾಗಿ ಬೆಳೆಯಿತು. ಉನ್ನತ ಶಿಕ್ಷಣಕ್ಕಾಗಿ ಅದು ರೂಪಿಸಿದ ರೂಬ್ರಿಕ್, ಅಂದರೆ ಯಾವ ಅಂಶವನ್ನು ಹೇಗೆ ನೋಡಬೇಕು ಮತ್ತು ಅದಕ್ಕೆಷ್ಟು ತೂಕ ಎಂಬುದನ್ನು ಬಿಡಿಸಿ ಹೇಳುವ ಪಟ್ಟಿ, ಎಂಟು ಸಾಮಾನ್ಯ ಮಾನದಂಡಗಳ ಅಡಿಯಲ್ಲಿ ಜೋಡಣೆಯಾಗಿದ್ದು, 2023ರ ಏಳನೆಯ ಆವೃತ್ತಿಯಲ್ಲಿ 44 ನಿರ್ದಿಷ್ಟ ಮಾನದಂಡಗಳನ್ನು ಒಳಗೊಂಡಿದೆ. ಕೋರ್ಸಿನ ಪರಿಚಯ, ಕಲಿಕೆಯ ಉದ್ದೇಶಗಳು, ಮೌಲ್ಯಮಾಪನ, ಪಾಠಸಾಮಗ್ರಿ, ಚಟುವಟಿಕೆಗಳು, ತಂತ್ರಜ್ಞಾನ, ವಿದ್ಯಾರ್ಥಿಗೆ ಸಿಗುವ ನೆರವು, ಎಲ್ಲರಿಗೂ ಎಟಕುವ ಗುಣ ಇವು ಆ ಎಂಟು. ಅತ್ಯಗತ್ಯವೆಂದು ಗುರುತಿಸಿದ ಮಾನದಂಡಗಳಲ್ಲಿ ಒಂದನ್ನೂ ಬಿಡದೆ ಪೂರೈಸಿ, ಒಟ್ಟು ಅಂಕಗಳಲ್ಲಿ ಶೇಕಡ 85ರಷ್ಟನ್ನಾದರೂ ಪಡೆದ ಕೋರ್ಸಿಗೆ ಮಾತ್ರ ಮಾನ್ಯತೆ ದೊರೆಯುತ್ತದೆ.

ಇವೆಲ್ಲವನ್ನೂ ಹಿಡಿದು ನಿಲ್ಲಿಸಿರುವ ತತ್ತ್ವ ಹೊಂದಾಣಿಕೆ. ಉದ್ದೇಶ, ಸಾಮಗ್ರಿ, ಚಟುವಟಿಕೆ, ಪರೀಕ್ಷೆ ಇವು ಒಂದೇ ಕಡೆಗೆ ಮುಖ ಮಾಡಿರಬೇಕೆಂಬುದು ಅದರ ಸಾರ. ಸಂಖ್ಯಾಶಾಸ್ತ್ರದ ಒಂದು ಘಟಕವನ್ನು ಎದುರಿಗಿಟ್ಟುಕೊಂಡು ನೋಡಿದರೆ ಅದು ಸ್ಪಷ್ಟವಾಗುತ್ತದೆ. ಘಟಕದ ಆರಂಭದಲ್ಲಿ ಸರಾಸರಿ ಮತ್ತು ಮಧ್ಯಾಂಕಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕೆಂದು ನಿರ್ಣಯಿಸುವುದೇ ಉದ್ದೇಶವೆಂದು ಬರೆದಿದ್ದು, ವಿಡಿಯೊದಲ್ಲಿ ಎರಡರ ಸೂತ್ರಗಳನ್ನು ಮಾತ್ರ ವಿವರಿಸಿ, ಕೊನೆಯ ಪ್ರಶ್ನಾವಳಿಯಲ್ಲಿ ವ್ಯಾಖ್ಯೆಗೆ ಸರಿಯಾದ ಆಯ್ಕೆಯನ್ನು ಗುರುತು ಮಾಡಲು ಹೇಳಿದ್ದರೆ, ವಿದ್ಯಾರ್ಥಿ ಪೂರ್ಣ ಅಂಕ ಪಡೆದರೂ ಮೊದಲು ಹೇಳಿದ ನಿರ್ಣಯಶಕ್ತಿಯನ್ನು ಯಾರೂ ಕಲಿಸಿಲ್ಲ, ಯಾರೂ ಪರೀಕ್ಷಿಸಿಲ್ಲ. ಒಂದು ಊರಿನ ಕುಟುಂಬಗಳ ಆದಾಯದ ಪಟ್ಟಿಯಲ್ಲಿ ಒಬ್ಬ ಭಾರೀ ಶ್ರೀಮಂತ ಸೇರಿಕೊಂಡಾಗ ಸರಾಸರಿ ಏಕೆ ದಾರಿ ತಪ್ಪಿಸುತ್ತದೆಂದು ಕೇಳುವ ಒಂದೇ ಪ್ರಶ್ನೆಯನ್ನು ಸೇರಿಸಿದರೂ ಘಟಕದ ಸ್ವರೂಪ ಬದಲಾಗುತ್ತದೆ. ತಾವೇ ಬರೆದ ಪಾಠದಲ್ಲಿ ಈ ಬಿರುಕು ಅಧ್ಯಾಪಕರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ, ಏಕೆಂದರೆ ಬರೆಯದೆ ಬಿಟ್ಟದ್ದೂ ಅವರ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಮಾನದಂಡದ ಮೊದಲ ಉಪಕಾರವೆಂದರೆ ಬರೆದವರ ಮನಸ್ಸಿನಲ್ಲಿರುವುದನ್ನೂ ಪುಟದ ಮೇಲಿರುವುದನ್ನೂ ಬೇರೆಯಾಗಿ ತೋರಿಸಿಕೊಡುವುದು.

ಈ ವಿಚಾರಗಳು ಭಾರತೀಯ ಶಾಸ್ತ್ರ ಪರಂಪರೆಗೆ ಹೊಸವೇನೂ ಅಲ್ಲ. ಶಾಸ್ತ್ರಗ್ರಂಥವೊಂದು ಆರಂಭದಲ್ಲಿಯೇ ನಾಲ್ಕು ಸಂಗತಿಗಳನ್ನು ತಿಳಿಸಬೇಕೆಂಬ ಕಟ್ಟಳೆಗೆ ಅನುಬಂಧ ಚತುಷ್ಟಯವೆಂದು ಹೆಸರು: ಓದಲು ಅರ್ಹತೆಯುಳ್ಳ ಅಧಿಕಾರಿ ಯಾರು, ವಿಷಯವೇನು, ಗ್ರಂಥಕ್ಕೂ ವಿಷಯಕ್ಕೂ ಇರುವ ಸಂಬಂಧವೇನು, ಓದಿನಿಂದಾಗುವ ಪ್ರಯೋಜನವೇನು. ಬೇಕಾದ ಪೂರ್ವಜ್ಞಾನವನ್ನೂ ಕಲಿಕೆಯ ಉದ್ದೇಶವನ್ನೂ ಮೊದಲ ಪುಟದಲ್ಲಿಯೇ ಹೇಳಬೇಕೆನ್ನುವ ಇಂದಿನ ಮಾನದಂಡ ಇದಕ್ಕೆ ತೀರ ಸಮೀಪದ್ದು. ಇನ್ನೂ ಗಮನಾರ್ಹವಾದುದು ತಾತ್ಪರ್ಯ ನಿರ್ಣಯಕ್ಕೆ ಒಪ್ಪಿಕೊಂಡ ಆರು ಲಿಂಗಗಳ, ಅಂದರೆ ಗುರುತುಗಳ, ವ್ಯವಸ್ಥೆ. ಆರಂಭ ಮತ್ತು ಮುಕ್ತಾಯಗಳ ಏಕವಾಕ್ಯತೆ, ಮತ್ತೆ ಮತ್ತೆ ಹೇಳುವ ಅಭ್ಯಾಸ, ಬೇರೆಡೆ ಸಿಗದ ಅಪೂರ್ವತೆ, ಫಲ, ಪ್ರಶಂಸೆಯ ರೂಪದ ಅರ್ಥವಾದ, ಯುಕ್ತಿಯಾದ ಉಪಪತ್ತಿ ಇವುಗಳಿಂದ ಒಂದು ಪ್ರಕರಣ ನಿಜವಾಗಿ ಏನನ್ನು ಹೇಳಲು ಹೊರಟಿದೆ ಎಂಬುದನ್ನು ನಿರ್ಧರಿಸಲಾಗುತ್ತಿತ್ತು. ಆದರೆ ಈ ಗುರುತುಗಳನ್ನು ಅದ್ವೈತಿಗಳೂ ಒಪ್ಪುತ್ತಾರೆ, ಉಡುಪಿಯ ಮಧ್ವಾಚಾರ್ಯರ ಪರಂಪರೆಯವರೂ ಒಪ್ಪುತ್ತಾರೆ. ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಒಂಬತ್ತು ಸಲ ಮರಳಿ ಬರುವ ಮಹಾವಾಕ್ಯಕ್ಕೆ ಅವನ್ನೇ ಅನ್ವಯಿಸಿ ಒಬ್ಬರು ಜೀವ ಮತ್ತು ಬ್ರಹ್ಮಗಳ ಅಭೇದವನ್ನು ಕಂಡರೆ ಇನ್ನೊಬ್ಬರು ಭೇದವನ್ನು ಸ್ಥಾಪಿಸುತ್ತಾರೆ. ಗುರುತುಗಳ ಪಟ್ಟಿ ಒಂದೇ ಆದರೂ ತೀರ್ಪು ಒಂದೇ ಆಗಲಿಲ್ಲ ಎಂಬ ಈ ಸಂಗತಿ ಇಂದಿನ ರೂಬ್ರಿಕ್ ಕುರಿತು ಯೋಚಿಸುವವರಿಗೆ ಬಹಳ ಬೆಲೆಯುಳ್ಳದ್ದು.

ನಿಯಮವು ತನ್ನನ್ನು ತಾನೇ ಅನ್ವಯಿಸಿಕೊಳ್ಳಲಾರದೆಂಬ ಈ ಮಾತನ್ನು ಇಮ್ಯಾನುಯೆಲ್ ಕಾಂಟ್ ಬೇರೊಂದು ದಾರಿಯಿಂದ ಹೇಳುತ್ತಾನೆ. ಒಂದು ನಿಯಮ ಇಲ್ಲಿ ಸಲ್ಲುತ್ತದೆಯೇ ಎಂದು ತಿಳಿಯಲು ಮತ್ತೊಂದು ನಿಯಮ ಬೇಕೆಂದರೆ, ಆ ಎರಡನೆಯದಕ್ಕೆ ಮೂರನೆಯದು ಬೇಕಾಗುತ್ತದೆ, ಅದಕ್ಕೆ ಕೊನೆಯಿಲ್ಲ. ಆದ್ದರಿಂದ ವಿವೇಚನೆಯೆಂಬುದು ಅಭ್ಯಾಸದಿಂದ ಹರಿತವಾಗುವ ಶಕ್ತಿಯೇ ಹೊರತು ಪಾಠವಾಗಿ ಒಪ್ಪಿಸಬಹುದಾದ ವಸ್ತುವಲ್ಲವೆಂಬುದು ಅವನ ನಿಲುವು. ಅರಿಸ್ಟಾಟಲ್ ನೀತಿಶಾಸ್ತ್ರದ ಐದನೆಯ ಭಾಗದಲ್ಲಿ ಲೆಸ್ಬೋಸ್ ದ್ವೀಪದ ಕಟ್ಟಡ ಕೆಲಸದವರು ಬಳಸುತ್ತಿದ್ದ, ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುವ ಸೀಸದ ಅಳತೆಪಟ್ಟಿಯನ್ನು ನೆನೆದು, ಸಾಮಾನ್ಯ ಕಾನೂನು ಮುಟ್ಟಲಾರದ ಪ್ರಕರಣಗಳಲ್ಲಿ ನ್ಯಾಯವೂ ಹಾಗೆಯೇ ಒದಗಬೇಕೆಂದು ವಾದಿಸುತ್ತಾನೆ. ಕ್ವಾಲಿಟಿ ಮ್ಯಾಟರ್ಸ್ ಪದ್ಧತಿಯಲ್ಲಿ ಈ ವಿವೇಚನೆಗೆ ಜಾಗ ಕೊಟ್ಟಿರುವುದು ಸಹಾಧ್ಯಾಪಕರ ವಿಮರ್ಶೆಯ ಮೂಲಕ. ತರಬೇತಿ ಪಡೆದ ಮೂವರು ಅಧ್ಯಾಪಕರು, ಅವರಲ್ಲೊಬ್ಬರು ವಿಷಯ ಬಲ್ಲವರು, ಒಬ್ಬರಾದರೂ ಹೊರಗಿನ ಸಂಸ್ಥೆಯವರು, ವಿದ್ಯಾರ್ಥಿಯ ಸ್ಥಾನದಲ್ಲಿ ನಿಂತು ಕೋರ್ಸನ್ನು ನೋಡುತ್ತಾರೆ. ಒಂದು ಮಾನದಂಡ ಈಡೇರಿತೇ ಇಲ್ಲವೇ ಎಂಬುದು ಬಹುಮತದಿಂದ ನಿರ್ಧಾರವಾಗುತ್ತದೆ. ಈಡೇರದಿದ್ದರೆ ತಿದ್ದುವ ದಾರಿಯನ್ನೂ ವಿಮರ್ಶಕರೇ ಬರೆದು ಸೂಚಿಸಬೇಕು, ತಿದ್ದಿದ ಮೇಲೆ ಕೋರ್ಸಿಗೆ ಮತ್ತೊಂದು ಅವಕಾಶವಿರುತ್ತದೆ. ಇಡೀ ಪದ್ಧತಿಯ ಸತ್ತ್ವವಿರುವುದು ಈ ಬರೆದು ಸೂಚಿಸುವ ಭಾಗದಲ್ಲಿಯೇ, ಅಂಕಗಳು ಅದಕ್ಕೆ ನೆಪ ಮಾತ್ರ ಎಂದರೂ ತಪ್ಪಾಗದು.

ಹಾಗಿದ್ದರೂ ಒಂದು ಗಂಭೀರವಾದ ಆಕ್ಷೇಪ ಉಳಿಯುತ್ತದೆ. ಕಲಿಕೆಯ ಉದ್ದೇಶಗಳು ಅಳೆಯಬಹುದಾದ ಮಾತುಗಳಲ್ಲಿರಬೇಕು, ‘ತಿಳಿಯುವುದು’ ಎನ್ನುವ ಬದಲು ‘ವಿವರಿಸುವುದು’, ‘ಹೋಲಿಸುವುದು’ ಎನ್ನಬೇಕು ಎಂಬುದು ಮಾನದಂಡಗಳ ಬೇಡಿಕೆ. ಲೆಕ್ಕಶಾಸ್ತ್ರಕ್ಕೋ ಪ್ರಯೋಗಾಲಯದ ಸುರಕ್ಷತೆಗೋ ಇದು ಸರಿಯೇ. ಆದರೆ ಒಂದು ಕಾವ್ಯವನ್ನು ಓದಿದವರಲ್ಲಿ ಏನು ಮೂಡಬೇಕೆಂದು ಮೊದಲೇ ಕ್ರಿಯಾಪದದಲ್ಲಿ ಹೇಳಿಬಿಟ್ಟರೆ, ಅಧ್ಯಾಪಕರು ಊಹಿಸದ ಅರ್ಥವನ್ನು ಕಂಡ ವಿದ್ಯಾರ್ಥಿಗೆ ಅಲ್ಲಿ ಎಡೆಯೆಲ್ಲಿ? ಬ್ರಿಟನ್ನಿನ ಶಿಕ್ಷಣ ಚಿಂತಕ ಲಾರೆನ್ಸ್ ಸ್ಟೆನ್‌ಹೌಸ್ 1975ರಲ್ಲಿ ಎತ್ತಿದ ತಕರಾರು ಇದೇ. ನ್ಯಾಯಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಲಕ್ಷಣವೊಂದು ಒಳಗೊಳ್ಳಬೇಕಾದ ವಸ್ತುವನ್ನು ಬಿಟ್ಟರೆ ಅವ್ಯಾಪ್ತಿ, ಒಳಗೊಳ್ಳಬಾರದ್ದನ್ನು ಸೇರಿಸಿಕೊಂಡರೆ ಅತಿವ್ಯಾಪ್ತಿ. ಅಚ್ಚುಕಟ್ಟಾಗಿ ಜೋಡಿಸಿದ, ಆದರೆ ಯಾರನ್ನೂ ಯೋಚನೆಗೆ ಹಚ್ಚದ ಕೋರ್ಸು ಮಾನ್ಯತೆ ಪಡೆಯುವುದು ಅತಿವ್ಯಾಪ್ತಿ. ಉದ್ದೇಶಗಳನ್ನು ಸಡಿಲವಾಗಿ ಬರೆದರೂ ವಿದ್ಯಾರ್ಥಿಗಳನ್ನು ವಾದಕ್ಕೆಳೆದು ಬೆಳೆಸುವ ಕೋರ್ಸು ಹೊರಗುಳಿಯುವುದು ಅವ್ಯಾಪ್ತಿ. ಎರಡೂ ದೋಷಗಳು ಈ ಮಾನದಂಡಗಳಲ್ಲಿವೆ ಎಂದು ಒಪ್ಪಿಕೊಳ್ಳುವುದೇ ಪ್ರಾಮಾಣಿಕತೆ. ತಾನು ನೋಡುವುದು ಕೋರ್ಸಿನ ವಿನ್ಯಾಸವನ್ನೇ ಹೊರತು ಅಧ್ಯಾಪಕರ ಬೋಧನೆಯನ್ನಲ್ಲ ಎಂದು ಕ್ವಾಲಿಟಿ ಮ್ಯಾಟರ್ಸ್ ಸ್ಪಷ್ಟವಾಗಿ ಹೇಳಿಕೊಂಡಿರುವುದು ಅದರ ಮಿತಿಯೂ ಹೌದು, ಮರ್ಯಾದೆಯೂ ಹೌದು.

ಆ ಮೇರೆಯನ್ನು ಮರೆತಾಗ ಆಗುವ ಹಾನಿ ದೊಡ್ಡದು. ಒಂದು ಅಳತೆಯ ಮೇಲೆ ಎಷ್ಟು ಹೆಚ್ಚು ನಿರ್ಧಾರಗಳನ್ನು ಹೊರಿಸಲಾಗುತ್ತದೆಯೋ ಆ ಅಳತೆ ಅಷ್ಟೇ ಕೆಡುತ್ತದೆಂದು ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿ ವಾದಿಸಿದ್ದನು. ಭಾರತದಲ್ಲಿ ಈ ಎಚ್ಚರ ಈಗ ಬೇಕಾಗಿದೆ. 2017ರಲ್ಲಿ ಆರಂಭವಾದ ‘ಸ್ವಯಂ’ ಎಂಬ ಸರ್ಕಾರಿ ಆನ್‌ಲೈನ್ ವೇದಿಕೆಯ ಕೋರ್ಸುಗಳು ವಿಡಿಯೊ ಪಾಠ, ಓದಿನ ಸಾಮಗ್ರಿ, ಚರ್ಚೆ, ಸ್ವಮೌಲ್ಯಮಾಪನ ಎಂಬ ನಾಲ್ಕು ಪಾದಗಳನ್ನು ಹೊಂದಿರಬೇಕೆಂಬ ನಿಯಮವಿದೆ. ಅಲ್ಲಿಂದ ಪಡೆಯಬಹುದಾದ ಕ್ರೆಡಿಟ್‌ಗಳ ಮಿತಿಯನ್ನು 2016ರಲ್ಲಿ ಶೇಕಡ 20 ಎಂದು ನಿಗದಿಪಡಿಸಿದ್ದ ವಿಶ್ವವಿದ್ಯಾಲಯ ಅನುದಾನ ಆಯೋಗ 2021ರಲ್ಲಿ ಅದನ್ನು ಶೇಕಡ 40ಕ್ಕೆ ಏರಿಸಿತು. ನಾಲ್ಕು ಪಾದಗಳೂ ಇವೆಯೇ ಎಂದು ಎಣಿಸುವುದು ಸುಲಭ. ಚರ್ಚೆಯ ಪುಟದಲ್ಲಿ ವಿದ್ಯಾರ್ಥಿ ಕೇಳಿದ ಸಂದೇಹಕ್ಕೆ ಉತ್ತರ ಬಂದಿದೆಯೇ, ಬಂದಿದ್ದರೆ ಅದು ಸಂದೇಹವನ್ನು ತೀರಿಸಿತೇ ಎಂದು ನೋಡುವುದಕ್ಕೆ ತಾಳ್ಮೆಯುಳ್ಳ ಓದುಗರು ಬೇಕು.

ಮಾನದಂಡಗಳಲ್ಲಿ ಅಳೆಯುವ ಹಟವೂ ನೈತಿಕ ಕಾಳಜಿಯೂ ಪೂರ್ತಿ ಒಂದಾಗುವುದು ಎಲ್ಲರಿಗೂ ಎಟಕಬೇಕೆಂಬ ಎಂಟನೆಯ ಮಾನದಂಡದಲ್ಲಿ. ವಿಡಿಯೊದ ಮಾತಿಗೆ ಕೆಳಗೆ ಅಕ್ಷರರೂಪ, ಚಿತ್ರಕ್ಕೆ ತೆರೆ ಓದುವ ತಂತ್ರಾಂಶ ಉಚ್ಚರಿಸಬಲ್ಲ ವಿವರಣೆ, ಬಣ್ಣವೊಂದನ್ನೇ ನಂಬದ ನಕ್ಷೆ ಇವು ಇವೆಯೋ ಇಲ್ಲವೋ ಎಂಬುದಕ್ಕೆ ವಾದವೇ ಬೇಕಿಲ್ಲ. ಇಲ್ಲವಾದರೆ ಕಿವಿ ಕೇಳದ, ಕಣ್ಣು ಕಾಣದ ವಿದ್ಯಾರ್ಥಿಗೆ ಬಾಗಿಲು ಮುಚ್ಚಿದೆಯೆಂದೇ ಅರ್ಥ. ಭಾಷೆಯೂ ಇದೇ ಬಗೆಯ ಬಾಗಿಲು. ಕರ್ನಾಟಕದ ಕಾಲೇಜುಗಳಲ್ಲಿ ಸ್ವಯಂ ಕೋರ್ಸಿಗೆ ಸೇರುವವರಲ್ಲಿ ಕನ್ನಡ ಮಾಧ್ಯಮದಿಂದ ಬಂದವರೂ ಇದ್ದಾರೆ; ಆದರೆ ಇಂಗ್ಲಿಷ್ ಉಪನ್ಯಾಸದ ವೇಗವೂ ಪಾರಿಭಾಷಿಕ ಪದಗಳ ದಟ್ಟಣೆಯೂ ಅವರನ್ನು ಎಲ್ಲಿ ನಿಲ್ಲಿಸುತ್ತವೆ ಎಂಬುದು ಯಾವ ಪಟ್ಟಿಯಲ್ಲಿಯೂ ತಾನಾಗಿ ಮೂಡುವುದಿಲ್ಲ. ಆದ್ದರಿಂದ ಕೋರ್ಸೊಂದಕ್ಕೆ ಕ್ರೆಡಿಟ್ ಒಪ್ಪುವ ಅಧ್ಯಯನ ಮಂಡಳಿಗಳು ಪಟ್ಟಿಯ ಗುರುತುಗಳನ್ನು ತುಂಬುವುದರ ಜೊತೆಗೆ, ಕನ್ನಡ ಮಾಧ್ಯಮದಲ್ಲಿ ಓದಿದ ಒಬ್ಬ ವಿದ್ಯಾರ್ಥಿಯಾದರೂ ಆ ಕೋರ್ಸಿನ ಒಂದು ಘಟಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡಿ ನೋಡುವಂತೆ ಏರ್ಪಡಿಸಿ, ಅವರು ತಡೆದು ನಿಂತ ಜಾಗಗಳನ್ನು ಕೋರ್ಸು ರೂಪಿಸಿದವರಿಗೆ ಬರೆದು ಕಳುಹಿಸಿ, ತಿದ್ದುಪಡಿ ಆದ ಮೇಲೆಯೇ ಒಪ್ಪಿಗೆಯ ಸಹಿ ಹಾಕಬೇಕು.