‘ಹಂಪಿ ಹತ್ತಿರ’ ಅಂದ್ರೆ ಎಷ್ಟು ಹತ್ತಿರ?

ನಮ್ಮೂರು ಬಂಡ್ರಿ, ಸಂಡೂರು ತಾಲ್ಲೂಕು. ಬೆಂಗಳೂರಲ್ಲಿ ಯಾರಾದ್ರೂ ಯಾವೂರು ಅಂತ ಕೇಳಿದ್ರೆ ಹನ್ನೆರಡು ವರ್ಷದಿಂದ ನಾನು ಹೇಳ್ತಾ ಬಂದಿರೋದು ಒಂದೇ ಉತ್ತರ: ‘ಹಂಪಿ ಹತ್ತಿರ’. ಕೇಳಿದವರೂ ‘ಓ ಸೂಪರ್’ ಅಂತಾರೆ, ಮಾತು ಮುಂದೆ ಹೋಗುತ್ತೆ. ಅದು ಸುಳ್ಳು ಅಂತ ಯಾವತ್ತೂ ಅನಿಸಿರಲಿಲ್ಲ.

ನಮ್ಮ ದೊಡ್ಡಪ್ಪನ ಮಗ, ಅಣ್ಣ, ತೋಟದಲ್ಲಿ ಎರಡು ರೂಮು ಕಟ್ಟಿಸಿದ. ಬಂದವರಿಗೆ ಇರೋಕೆ ಜಾಗ, ಅತ್ತಿಗೆ ಕೈಯಿಂದ ರೊಟ್ಟಿ ಊಟ. ವೆಬ್‌ಸೈಟ್ ಮಾಡೋ ಕೆಲಸ ನನ್ನ ಪಾಲಿಗೆ ಬಂತು. ಮಾಡಿದೆ. ಸೈಟ್‌ಮ್ಯಾಪ್ ಹಾಕಿದೆ, ಸರ್ಚ್ ಕನ್ಸೋಲಿನಲ್ಲಿ ಸೇರಿಸಿದೆ, ಮ್ಯಾಪಿನಲ್ಲಿ ಪಿನ್ ಚುಚ್ಚಿದೆ. ಮೂರು ತಿಂಗಳು ಒಬ್ಬರೂ ಬರಲಿಲ್ಲ. ಇಂಗ್ಲಿಷಿನಲ್ಲಿ ಊರ ಹೆಸರು ಹೊಡೆದ್ರೆ ಗೂಗಲ್ ‘ಬಾಂದ್ರಾ ಅಂತಲಾ?’ ಅಂತ ಕೇಳ್ತಿತ್ತು. ಅದು ಬಿಟ್ರೆ ಮಧ್ಯಪ್ರದೇಶದ ಸಾಗರ ಜಿಲ್ಲೆಯಲ್ಲಿರೋ ಇನ್ನೊಂದು ಬಂಡ್ರಿಗೆ ಕರ್ಕೊಂಡು ಹೋಗ್ತಿತ್ತು.

ಅದರ ತಪ್ಪೂ ಅಲ್ಲ ಬಿಡಿ. ನಮ್ಮೂರ ಹೆಸರು ಹಾಕಿ ಹುಡುಕೋರು ಯಾರು? ಸ್ಥಳೀಯ ಫಲಿತಾಂಶಕ್ಕೆ ಗೂಗಲ್ ತಾನೇ ಹೇಳ್ಕೊಳ್ಳೋ ಅಳತೆ ಮೂರು: ಹುಡುಕಿದ್ದಕ್ಕೆ ಎಷ್ಟು ಹೊಂದುತ್ತೆ, ಎಷ್ಟು ದೂರ ಇದೆ, ಎಷ್ಟು ಹೆಸರುವಾಸಿ. ಮೂರರಲ್ಲೂ ನಾವು ಫೇಲು. ಹಂಪಿ 1986ರಿಂದ ಯುನೆಸ್ಕೋ ಪಟ್ಟಿಯಲ್ಲಿದೆ. ಜನ ಹೊಡೆಯೋದು ಆ ಹೆಸರನ್ನೇ.

ಹಾಗಾಗಿ ಟೈಟಲ್ ಬದಲಿಸಿದೆ: ‘ಹಂಪಿ ಹತ್ತಿರದ ತೋಟದ ಮನೆ’. ಪುಟದ ತುಂಬಾ ಹಂಪಿ. ಆರು ವಾರದಲ್ಲಿ ಮೊದಲ ಬುಕಿಂಗ್. ಪುಣೆಯ ವಯಸ್ಸಾದ ದಂಪತಿ, ಎರಡು ದಿನಕ್ಕೆ ಅಂತ ಫಾರ್ಮ್ ತುಂಬಿ ಅಡ್ವಾನ್ಸ್ ಹಾಕಿದ್ರು. ಹೊಸಪೇಟೆ ಸ್ಟೇಷನ್ನಿಂದ ಅಣ್ಣನಿಗೆ ಫೋನ್ ಮಾಡಿ ಕೇಳಿದ್ರಂತೆ: ‘ನಿಮ್ಮ ಮನೆಯಿಂದ ವಿರೂಪಾಕ್ಷ ಗುಡಿಗೆ ನಡೆದು ಹೋಗಬಹುದಾ, ಆಟೋ ಬೇಕಾ?’

ಹೊಸಪೇಟೆಯಿಂದ ಹಂಪಿ ಹದಿಮೂರು ಕಿಲೋಮೀಟರ್ ಅಷ್ಟೇ. ಅವರು ಅದನ್ನ ಬಿಟ್ಟು ಗುಡ್ಡಗಳ ಆಚೆಯ ನಮ್ಮೂರಿಗೆ ಬರಬೇಕಿತ್ತು, ಮರುದಿನ ಮತ್ತೆ ಅದೇ ದಾರಿ. ಅಣ್ಣ ಗಾಡಿ ತಗೊಂಡು ಹೋಗಿ ಕರ್ಕೊಂಡು ಬಂದ. ಬೆಳಗ್ಗೆ ನಾಲ್ಕಕ್ಕೆ ಎದ್ದು ಹಂಪಿಗೆ ಬಿಟ್ಟ, ಸಂಜೆ ಹೋಗಿ ಕರ್ಕೊಂಡು ಬಂದ, ಡೀಸೆಲ್ ದುಡ್ಡು ಕೇಳಲಿಲ್ಲ. ಅವರು ಜಗಳ ಆಡಲಿಲ್ಲ, ಕೆಟ್ಟ ರಿವ್ಯೂ ಬರೀಲಿಲ್ಲ. ಬರೆದಿದ್ರೆ ನನಗೆ ಸ್ವಲ್ಪ ಹಗುರ ಆಗ್ತಿತ್ತೇನೋ.

‘ತಮ್ಮಾ, ಎಷ್ಟ್ ದೂರ ಐತಿ ಅಂತ ಹೇಳಾಕ ನಾಚ್ಕಿ ಬಂತು ನೋಡು’ ಅಂದ ಅಣ್ಣ.

ನಾನು ವಾದ ಮಾಡಿದೆ. ಬೆಂಗಳೂರಿಂದ ನೋಡಿದ್ರೆ ಎರಡೂ ಒಂದೇ ಕಡೆ ಅಲ್ವಾ? ಊರೂರಲ್ಲಿ ಉಡುಪಿ ಹೋಟೆಲ್ ಇಲ್ವಾ, ಅದೇನು ಉಡುಪಿಯಲ್ಲಿದೆಯಾ? ಆ ರಾತ್ರಿ ಮಲಗಿದಾಗ ವಾದ ಅಲ್ಲೇ ಕುಸಿಯಿತು. ಉಡುಪಿ ಹೋಟೆಲ್ ಒಳಗೆ ಹೋದ ಯಾರೂ ಕೃಷ್ಣ ಮಠ ಎಲ್ಲಿ ಅಂತ ಕೇಳಲ್ಲ. ಅಲ್ಲಿ ಹೇಳೋರಿಗೂ ಕೇಳೋರಿಗೂ ಗೊತ್ತು, ಅದು ಅಡುಗೆಯ ಹೆಸರು. ನಮ್ಮ ‘ಹತ್ತಿರ’ದಲ್ಲಿ ಗೊತ್ತಿದ್ದವನು ನಾನೊಬ್ಬನೇ. ಅವರಿಗೆ ಗೊತ್ತಾಗದೇ ಇದ್ದದ್ದೇ ನಮಗೆ ಲಾಭ.

ಹಾಗಂತ ಹುಡುಕೋರ ಭಾಷೆಯಲ್ಲಿ ಬರೆಯೋದೆಲ್ಲ ಮೋಸ ಅಂತ ನಾನು ಒಪ್ಪಲ್ಲ. 2014ರ ನವೆಂಬರ್ 1ರಂದು ಸರ್ಕಾರ ಇಂಗ್ಲಿಷಿನಲ್ಲೂ ‘ಹಾಸ್ಪೆಟ್’ ತೆಗೆದು ಹೊಸಪೇಟೆ ಮಾಡಿತು. ಜನ ಇನ್ನೂ ಹಳೇ ಸ್ಪೆಲಿಂಗಲ್ಲೇ ಹುಡುಕ್ತಾರೆ. ನಾನು ಎರಡನ್ನೂ ಹಾಕಿದ್ದೀನಿ. ಅದರಿಂದ ಯಾರೂ ತಪ್ಪು ಊರಲ್ಲಿ ಇಳಿಯಲ್ಲ.

ಈಗ ಪುಟ ತಿದ್ದಿದ್ದೀನಿ. ಮೊದಲ ಸಾಲಲ್ಲೇ ‘ಹಂಪಿ ನೋಡೋಕೆ ಬರೋರು ಹೊಸಪೇಟೆಯಲ್ಲೇ ಉಳ್ಕೊಳ್ಳಿ’ ಅಂತಿದೆ. ಅದರ ಕೆಳಗೆ ಮಳೆಗಾಲದಲ್ಲಿ ಹಸಿರಾಗೋ ಸಂಡೂರಿನ ಗುಡ್ಡ, ಕುಮಾರಸ್ವಾಮಿ ಬೆಟ್ಟದ ಗುಡಿ, ನಾರಿಹಳ್ಳದ ಡ್ಯಾಮು, ಲಂಬಾಣಿ ಹೆಣ್ಣುಮಕ್ಕಳ ಕಸೂತಿ. ಅದಿರಿನ ಲಾರಿಗಳ ಬಗ್ಗೆಯೂ ಬರೆದೆ; ಕೆಂಪು ಧೂಳು ಹೇಗಿದ್ರೂ ಕಾಣುತ್ತಲ್ಲ.

ಪರಿಣಾಮ? ‘ಹಂಪಿ’ ಹುಡುಕಾಟದಲ್ಲಿ ಮೂರನೇ ಪುಟಕ್ಕೆ ಜಾರಿದ್ವಿ. ಮೂರನೇ ಪುಟದವರೆಗೆ ನಾನೇ ಹೋಗಲ್ಲ. ನಮಗಿಂತ ದೂರ ಇದ್ದು ‘ಹಂಪಿಯಿಂದ ಐದೇ ನಿಮಿಷ’ ಅಂತ ಬರೆದವರು ಮೇಲಿದ್ದಾರೆ. 1998ರಲ್ಲಿ ಗೂಗಲ್ ಕಟ್ಟಿದ ಬ್ರಿನ್ ಮತ್ತು ಪೇಜ್ ತಮ್ಮ ಪ್ರಬಂಧದಲ್ಲಿ, ಜಾಹೀರಾತಿನ ದುಡ್ಡಲ್ಲಿ ನಡೆಯೋ ಸರ್ಚ್ ಎಂಜಿನ್ ಹುಡುಕೋರಿಗಿಂತ ಜಾಹೀರಾತುದಾರರ ಕಡೆಗೇ ವಾಲುತ್ತೆ ಅಂತ ತಾವೇ ಎಚ್ಚರಿಸಿದ್ರು. ಆದ್ರೆ ನಾನು ಟೈಟಲ್ ಬದಲಿಸಿದ್ದು ಯಾವ ಕಂಪನಿಯೂ ಹೇಳಿ ಅಲ್ಲ.

ಕಷ್ಟ ಏನಂದ್ರೆ, ಪ್ರಾಮಾಣಿಕತೆ ನನ್ನದು, ಖಾಲಿ ರೂಮು ಅಣ್ಣನದು. ಬ್ಯಾಂಕಿನ ಕಂತೂ ಅವನದೇ. ನನ್ನ ಸಂಬಳ ಒಂದನೇ ತಾರೀಖು ಬರುತ್ತೆ. ಪುಟ ತಿದ್ದೋ ಮುಂಚೆ ಅವನನ್ನ ಕೇಳಲಿಲ್ಲ ಅನ್ನೋದು ಈಗ ಹೊಳೀತಿದೆ. ಟೈಟಲ್ ಹಾಕುವಾಗಲೂ ಕೇಳಿರಲಿಲ್ಲ.

ಮೊನ್ನೆ ಫೋನ್ ಮಾಡಿದ್ದ. ದಾವಣಗೆರೆಯ ನಾಲ್ಕು ಹುಡುಗರು ಬೈಕಲ್ಲಿ ಬಂದು ಗುಡ್ಡ ಸುತ್ತಿ ಹೋದ್ರಂತೆ, ರೊಟ್ಟಿ ಕಟ್ಟಿಸ್ಕೊಂಡ್ರಂತೆ. ಖುಷಿಯಲ್ಲಿದ್ದ. ಇಡೋ ಮುಂಚೆ ಕೇಳಿದ: ‘ದಸರಾ ರಜಾ ಬಂತು, ಆ ಹಂಪಿದು ಏನರ ಮಾಡಾಕ ಬರ್ತೈತೇನು?’

ನೋಡ್ತೀನಿ ಅಣ್ಣ ಅಂದೆ. ಲ್ಯಾಪ್‌ಟಾಪ್ ಇನ್ನೂ ತೆಗೆದಿಲ್ಲ.